ಒಂದು ನಮಸ್ಕಾರಕ್ಕೆ ಎಷ್ಟು ಕರೆ?

ಡಿ4000001. ಹದಿನಾರರ ಲೆಕ್ಕದಲ್ಲಿ ಬರೆದ ಈ ಎಂಟು ಅಂಕೆಗಳಿಗೆ ನಾಲ್ಕು ಬೈಟು ಜಾಗ ಸಾಕು. 64 ಬಿಟ್‌ನ ಆರ್ಮ್ ಪ್ರೊಸೆಸರಿಗೆ ಇದು ಒಂದು ಆದೇಶ, ಹೆಸರು ಎಸ್‌ವಿಸಿ. ಕೈಯಲ್ಲಿರುವ ಆಂಡ್ರಾಯ್ಡ್ ಫೋನು ಫೋಟೊ ಉಳಿಸಲಿ, ಸಂದೇಶ ಕಳಿಸಲಿ, ಹಾಡಿನ ಫೈಲು ತೆರೆಯಲಿ, ಆ ಕೆಲಸ ಈ ನಾಲ್ಕು ಬೈಟುಗಳನ್ನು ಹಾದೇ ಆಗಬೇಕು. ಅಂಗೈಯಗಲದ ರಾಸ್ಬೆರಿ ಪೈ ಬೋರ್ಡಿನಲ್ಲೂ ಇದೇ ಆದೇಶ. ಜಪಾನಿನ ಕೋಬೆ ನಗರದಲ್ಲಿ ಫುಗಾಕು ಎಂಬ ಸೂಪರ್‌ಕಂಪ್ಯೂಟರ್ ಇದೆ. 2020ರ ಜೂನ್‌ನಲ್ಲಿ ಅದು ಜಗತ್ತಿನ ಅತಿ ವೇಗದ ಯಂತ್ರವೆನಿಸಿತು. ಅದರಲ್ಲಿ 1,58,976 ನೋಡ್‌ಗಳು, ಒಂದೊಂದರಲ್ಲೂ ಲೆಕ್ಕಾಚಾರಕ್ಕೆಂದೇ 48 ಕೋರ್‌ಗಳು, ಒಟ್ಟು 76,30,848. ಆ ಎಪ್ಪತ್ತಾರು ಲಕ್ಷ ಕೋರ್‌ಗಳಿಗೂ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಕಡೆಗಿರುವ ದಾರಿ ಇದೇ ನಾಲ್ಕು ಬೈಟು.

ಪ್ರೋಗ್ರಾಂ ತನ್ನಷ್ಟಕ್ಕೆ ತಾನೇ ಹೊರಗಿನ ಏನನ್ನೂ ಮುಟ್ಟಲಾರದು. ಕೂಡಬಲ್ಲದು, ಕಳೆಯಬಲ್ಲದು, ತನ್ನ ಪಾಲಿನ ಮೆಮೊರಿಯಲ್ಲಿ ಬರೆದು ಅಳಿಸಬಲ್ಲದು, ಅಷ್ಟೆ. ಡಿಸ್ಕು, ಪರದೆ, ನೆಟ್‌ವರ್ಕು ಎಲ್ಲವೂ ಕರ್ನಲ್ ಸುಪರ್ದಿಯಲ್ಲಿವೆ. ಬೇಕಾದಾಗ ಕೇಳಬೇಕು. ಆ ಕೇಳಿಕೆಯೇ ಸಿಸ್ಟಂ ಕಾಲ್. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಮಾಡುವ ಇಂಥ ಕರೆಗಳನ್ನು ಒಂದೂ ಬಿಡದೆ ಸಾಲು ಸಾಲಾಗಿ ಬರೆದು ತೋರಿಸುವ ಸಲಕರಣೆ ಎಸ್‌ಟ್ರೇಸ್. 1991ರಲ್ಲಿ ಪಾಲ್ ಕ್ರಾನೆನ್‌ಬರ್ಗ್ ಅದನ್ನು ಸನ್‌ಒಎಸ್‌ಗಾಗಿ ಬರೆದರು, ಬ್ರಾಂಕೊ ಲ್ಯಾಂಕೆಸ್ಟರ್ ಲಿನಕ್ಸ್‌ಗೆ ತಂದರು. ಪ್ರೋಗ್ರಾಂ ಯಾಕೆ ಸತ್ತಿತು, ಎಲ್ಲಿ ಸಿಕ್ಕಿಕೊಂಡಿತು ಎಂದು ಹುಡುಕುವವರು ಮೂರು ದಶಕಗಳಿಂದ ಅದರ ಮೊರೆ ಹೋಗುತ್ತಿದ್ದಾರೆ. ಅದು ತೋರಿಸುವ ಸಾಲುಗಳನ್ನು ದೋಷ ಹುಡುಕುವ ಅವಸರವಿಲ್ಲದೆ, ಸುಮ್ಮನೆ ಎಣಿಸುತ್ತ ಹೋದರೂ ಸಾಕು, ಕಂಪ್ಯೂಟರಿನ ಒಳಗಿನ ಸಂದಣಿ ಎಷ್ಟೆಂಬುದು ಕಣ್ಣಿಗೆ ಕಟ್ಟುತ್ತದೆ.

ಆರ್ಮ್64ರಲ್ಲಿ, ಅಂದರೆ 64 ಬಿಟ್‌ನ ಆರ್ಮ್‌ನಲ್ಲಿ, ಬರೆಯಬಹುದಾದ ಒಂದು ಪುಟ್ಟ ಪ್ರೋಗ್ರಾಮಿನಿಂದ ಶುರುಮಾಡೋಣ. ಅಸೆಂಬ್ಲಿಯಲ್ಲಿ ಬರೆದದ್ದು, ಲೈಬ್ರರಿಗಳ ಹಂಗಿಲ್ಲ. ಪರದೆಯ ಮೇಲೆ 'ನಮಸ್ಕಾರ' ಎಂದು ಬರೆದು ಮುಗಿಯುತ್ತದೆ. ಎಕ್ಸ್8 ಎಂಬ ರಿಜಿಸ್ಟರಿನಲ್ಲಿ 64 ಎಂಬ ಸಂಖ್ಯೆ ಇಡಬೇಕು, ಅದು 'ರೈಟ್' ಕರೆಯ ಸಂಖ್ಯೆ. ಎಕ್ಸ್0ರಲ್ಲಿ 1, ಅಂದರೆ ಪರದೆ. ಎಕ್ಸ್1ರಲ್ಲಿ ಅಕ್ಷರಗಳಿರುವ ವಿಳಾಸ, ಎಕ್ಸ್2ರಲ್ಲಿ ಅವುಗಳ ಉದ್ದ. ಆಮೇಲೆ ಎಸ್‌ವಿಸಿ. ಕೆಲಸ ಆದಮೇಲೆ ಎಕ್ಸ್8ರಲ್ಲಿ 93, ಅದು 'ಎಕ್ಸಿಟ್', ಮತ್ತೊಮ್ಮೆ ಎಸ್‌ವಿಸಿ. ಇಷ್ಟೇ ಪ್ರೋಗ್ರಾಂ. ಎಸ್‌ಟ್ರೇಸ್ ಅಡಿಯಲ್ಲಿ ಓಡಿಸಿದರೆ ಮೂರು ಕರೆ ಕಾಣುತ್ತವೆ. ಮೊದಲನೆಯದು 221, 'ಎಕ್ಸೆಕ್‌ವಿಇ': ಪ್ರೋಗ್ರಾಂ ಹುಟ್ಟಲು ಬೇಕಾದ ಕರೆ. ಹುಟ್ಟು, ಮಾತು, ಸಾವು, ಮೂರಕ್ಕೂ ಒಂದೊಂದು ಸಂಖ್ಯೆ.

ಎಸ್‌ವಿಸಿ ಬಿದ್ದ ಕ್ಷಣ ಏನಾಗುತ್ತದೆಂಬುದನ್ನು ಹತ್ತಿರದಿಂದ ನೋಡಬೇಕು. ಪ್ರೊಸೆಸರು ಪ್ರೋಗ್ರಾಮನ್ನು ಅಲ್ಲಿಗೇ ಬಿಟ್ಟು, ಕರ್ನಲ್ ಮೊದಲೇ ಹೂಡಿಟ್ಟ 2048 ಬೈಟಿನ ಒಂದು ಕೋಷ್ಟಕಕ್ಕೆ ಜಿಗಿಯುತ್ತದೆ. ಅದರಲ್ಲಿ 16 ಮನೆಗಳು, ಮನೆಗೆ 128 ಬೈಟು, ಅಂದರೆ 32 ಆದೇಶಗಳಷ್ಟು ಜಾಗ. 64 ಬಿಟ್‌ನ ಪ್ರೋಗ್ರಾಮಿನಿಂದ ಬಂದ ಕರೆ ಯಾವಾಗಲೂ 1024ನೇ ಬೈಟಿನಿಂದ ಶುರುವಾಗುವ ಮನೆಗೇ ಬರುತ್ತದೆ. ಬಂದದ್ದು ಯಾಕೆ ಎಂಬುದನ್ನು ಪ್ರೊಸೆಸರು ಆರು ಬಿಟ್‌ಗಳಲ್ಲಿ ಬರೆದಿಟ್ಟಿರುತ್ತದೆ. 21 ಎಂದಿದ್ದರೆ ಸಿಸ್ಟಂ ಕಾಲ್. 36 ಎಂದಿದ್ದರೆ ಪ್ರೋಗ್ರಾಂ ಮುಟ್ಟಿದ ಮೆಮೊರಿ ವಿಳಾಸದಲ್ಲಿ ಏನೋ ಕೊರತೆ. ಕರ್ನಲ್ ಆ 21ನ್ನು ನೋಡಿ, ಎಕ್ಸ್8ರಲ್ಲಿರುವ ಸಂಖ್ಯೆಯನ್ನು ಓದಿ, ತನ್ನ ಪಟ್ಟಿಯ ಅಷ್ಟನೇ ಸಾಲಿನಲ್ಲಿರುವ ಕೆಲಸಕ್ಕೆ ಕೈಹಾಕುತ್ತದೆ.

ಇನ್ನು ಆ ಉದ್ದದ ಲೆಕ್ಕ. ನಾವು 'ನಮಸ್ಕಾರ' ಎಂದು ನಾಲ್ಕು ಅಕ್ಷರ ಬರೆಯುತ್ತೇವೆ. ಯೂನಿಕೋಡ್ ಅದನ್ನು ಏಳಾಗಿ ಎಣಿಸುತ್ತದೆ: ನ, ಮ, ಸ, ಹಲಂತ, ಕ, ದೀರ್ಘದ ಗುರುತು, ರ. ಒಂದೊಂದಕ್ಕೂ ಮೂರು ಬೈಟು, ಒಟ್ಟು 21. ಸಾಲಿನ ಕೊನೆಯ ಗುರುತೂ ಸೇರಿದರೆ 22. ಎಸ್‌ಟ್ರೇಸ್ ಇಂಗ್ಲಿಷ್ ಅಕ್ಷರಗಳನ್ನು ಇದ್ದ ಹಾಗೆ ತೋರಿಸುತ್ತದೆ, ಕನ್ನಡದ ಬೈಟುಗಳನ್ನು ಮಾತ್ರ ಎಂಟರ ಲೆಕ್ಕದ ಅಂಕೆಗಳಾಗಿ ಬಿಡಿಸುತ್ತದೆ. 'ನ' ಎಂಬ ಒಂದು ಅಕ್ಷರ ಅದರ ಪರದೆಯಲ್ಲಿ \340\262\250 ಆಗುತ್ತದೆ, 'ಮ' ಎಂಬುದು \340\262\256. ಮೂರು ಬೈಟು ಹನ್ನೆರಡು ಗುರುತುಗಳಾಗಿ ಹರಡಿಕೊಳ್ಳುತ್ತವೆ. ನಾಲ್ಕಕ್ಷರದ ನಮಸ್ಕಾರಕ್ಕೆ ಎಂಬತ್ತನಾಲ್ಕು ಗುರುತು! ಇನ್ನೂ ಒಂದಿದೆ. ಬೇರೆ ಹೇಳದಿದ್ದರೆ ಎಸ್‌ಟ್ರೇಸ್ ಯಾವ ಪಠ್ಯದಲ್ಲೂ ಮೊದಲ 32 ಬೈಟು ಮಾತ್ರ ತೋರಿಸುತ್ತದೆ. ಇಂಗ್ಲಿಷಿನಲ್ಲಿ ಅದು ಒಂದು ಪುಟ್ಟ ವಾಕ್ಯ. 'ನಮಸ್ಕಾರ ಕರ್ನಾಟಕ' ಎಂದು ಬರೆದರೆ ನಮಸ್ಕಾರಕ್ಕೂ ನಡುವಿನ ಖಾಲಿ ಜಾಗಕ್ಕೂ 22 ಬೈಟು ಮುಗಿದು, ಉಳಿದ ಹತ್ತರಲ್ಲಿ ಕ, ರ, ಹಲಂತ ಹಿಡಿಸಿ, 'ನಾ'ದ ಒಳಗಿನ ನಕಾರದ ಮೊದಲ ಬೈಟಿಗೇ ಕತ್ತರಿ ಬೀಳುತ್ತದೆ. ಮಿತಿ ಹೆಚ್ಚಿಸಲು ಆಯ್ಕೆ ಇದೆ. ಆದರೂ ಭಾರತೀಯ ಲಿಪಿಗಳಲ್ಲಿ ಕೆಲಸ ಮಾಡುವವರಿಗೆ ಈ 32 ತೀರ ಬಿಗಿಯೆಂದೇ ನನ್ನ ಅಭಿಪ್ರಾಯ.

ಇದೇ ನಮಸ್ಕಾರವನ್ನು ಸಿ ಭಾಷೆಯಲ್ಲಿ, ಎಲ್ಲರೂ ಬರೆಯುವ ರೀತಿಯಲ್ಲಿ ಬರೆದು ಓಡಿಸಿದರೆ ಕರೆಗಳು ಮೂರರಿಂದ ಮೂವತ್ತರ ಆಸುಪಾಸಿಗೆ ಏರುತ್ತವೆ. ಅವುಗಳಲ್ಲಿ ನಾವು ಕೇಳಿದ ಕೆಲಸಕ್ಕೆ ಸೇರಿದ್ದು ಒಂದೇ ಒಂದು, ಅದೇ 64. ಮಿಕ್ಕವು ಬಹುಪಾಲು ಸಿದ್ಧತೆ: ಲೋಡರ್ ಬರುತ್ತದೆ, ಸಿ ಲೈಬ್ರರಿ ಎಲ್ಲಿದೆಯೆಂದು ನೋಡುತ್ತದೆ, ಅದನ್ನು ತುಂಡು ತುಂಡಾಗಿ ಮೆಮೊರಿಗೆ ಜೋಡಿಸುತ್ತದೆ, ಯಾವ ತುಂಡನ್ನು ಬರೆಯಬಹುದು, ಯಾವುದನ್ನು ಓದಬಹುದಷ್ಟೆ ಎಂದು ಬೇಲಿ ಹಾಕುತ್ತದೆ. ಪೈಥಾನ್‌ನಲ್ಲಿ ಅದೇ ಒಂದು ಸಾಲು ಬರೆದರೆ ಕರೆಗಳು ನೂರರ ಲೆಕ್ಕಕ್ಕೆ ಹೋಗುತ್ತವೆ. ಅವುಗಳಲ್ಲಿ ಬಹಳಷ್ಟು 'ಈ ಫೈಲ್ ಇಲ್ಲಿದೆಯೇ?' ಎಂಬ ವಿಚಾರಣೆ, ಅದಕ್ಕೆ 'ಇಲ್ಲ' ಎಂಬ ಉತ್ತರ.

ಆ 'ಇಲ್ಲ'ದ ಗಾತ್ರ ನೋಡಬೇಕು. ಆರ್ಮ್64ರಲ್ಲಿ ಬಹುತೇಕ ಸಾಮಾನ್ಯ ಪ್ರೋಗ್ರಾಮುಗಳೆಲ್ಲ ಹುಟ್ಟಿದ ಕೂಡಲೇ ಮೊದಲೇ ತುಂಬಿಕೊಳ್ಳಬೇಕಾದ ಲೈಬ್ರರಿಗಳ 'ಪ್ರೀಲೋಡ್' ಪಟ್ಟಿಯ ಒಂದು ಫೈಲಿಗಾಗಿ ಕೇಳುತ್ತವೆ, ಹೆಚ್ಚಿನ ಯಂತ್ರಗಳಲ್ಲಿ ಆ ಫೈಲೇ ಇರುವುದಿಲ್ಲ. ಕರ್ನಲ್ ಎಕ್ಸ್0ರಲ್ಲಿ ಋಣ 2 ಇಟ್ಟು ಹಿಂದಿರುಗುತ್ತದೆ. ಋಣ ಚಿಹ್ನೆಯನ್ನು ಮರೆತು ರಿಜಿಸ್ಟರಿನ 64 ಬಿಟ್‌ಗಳನ್ನು ಹಾಗೇ ಓದಿದರೆ ಅಲ್ಲಿರುವುದು 18446744073709551614. ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಎಂಬತ್ನಾಲ್ಕು ಸಾವಿರ ಕೋಟಿ ಕೋಟಿಗೂ ಮೇಲೆ. ಸಂಖ್ಯಾಲೋಕದ ಆ ತುತ್ತತುದಿಯ 4095 ಸಂಖ್ಯೆಗಳನ್ನು ಲಿನಕ್ಸ್ ಸೋಲಿನ ಸುದ್ದಿಗಾಗಿ ಮೀಸಲಿಟ್ಟಿದೆ. ಅದರ ಕೆಳಗಿನದೆಲ್ಲ ಗೆಲುವು.

ಇಷ್ಟು ಹೊತ್ತು 64, 93, 221 ಎಂದು ಹೇಳಿದೆನಲ್ಲ, ಈ ಸಂಖ್ಯೆಗಳಿಗೆ ಯಂತ್ರ ಬಿಟ್ಟರೆ ಬೆಲೆಯಿಲ್ಲ. ಇದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸುವ ಸಂಗತಿ. ಒಂದೇ ಲಿನಕ್ಸ್, ಒಂದೇ ಕರ್ನಲ್ ಮೂಲಪಠ್ಯ, ಆದರೂ ಪ್ರೊಸೆಸರ್ ಬದಲಾದರೆ ಪಟ್ಟಿಯೇ ಬೇರೆ. 'ರೈಟ್' ಕರೆ ಆರ್ಮ್64ರಲ್ಲಿ 64, ಇಂಟೆಲ್ ಮತ್ತು ಎಎಂಡಿಯ 64 ಬಿಟ್ ಪ್ರೊಸೆಸರುಗಳಲ್ಲಿ 1, ಹಳೆಯ 32 ಬಿಟ್ ಇಂಟೆಲ್‌ನಲ್ಲಿ 4, ಮಿಪ್ಸ್ ಪ್ರೊಸೆಸರಿನ ಹಳೆಯ ಪದ್ಧತಿಯಲ್ಲಿ 4004, ಅದರದೇ 64 ಬಿಟ್ ಪದ್ಧತಿಯಲ್ಲಿ 5001. ಈಗ ತಿರುಗಿಸಿ ನೋಡಿ. ಆರ್ಮ್64ರಲ್ಲಿ 57 ಎಂದರೆ ಫೈಲು ಮುಚ್ಚು. ಇಂಟೆಲ್64ರಲ್ಲಿ ಅದೇ 57 ಎಂದರೆ ಇಡೀ ಪ್ರೋಗ್ರಾಮಿನ ಇನ್ನೊಂದು ಪ್ರತಿಯನ್ನು ಹುಟ್ಟಿಸು. ಇಂಟೆಲ್64ರಲ್ಲಿ ಹೊಸ ಪ್ರೋಗ್ರಾಂ ಓಡಿಸುವ 59, ಆರ್ಮ್64ರಲ್ಲಿ ಪೈಪ್ ಕಟ್ಟುತ್ತದೆ. ಆರ್ಮ್64ರಲ್ಲಿ 169 ಎಂದರೆ 'ಗಂಟೆ ಎಷ್ಟು?' ಇಂಟೆಲ್64ರಲ್ಲಿ 169 ಎಂದರೆ ಯಂತ್ರವನ್ನೇ ರೀಬೂಟ್ ಮಾಡು!

ಹಾಗೆಂದು ತಪ್ಪು ಸಂಖ್ಯೆಗೆ ಯಂತ್ರ ಮಗುಚಿ ಬೀಳುವುದಿಲ್ಲ. ರೀಬೂಟ್ ಕರೆಗೆ ಮೊದಲು ಬೇಕಾದ್ದು ಅಧಿಕಾರ. ಅದು ಇದ್ದರೂ ಜೊತೆಗೆ ಎರಡು ಗುಟ್ಟಿನ ಸಂಖ್ಯೆಗಳನ್ನು ಕೊಡಬೇಕು. ಎರಡನೆಯದು 672274793. ಅದನ್ನು ಹದಿನಾರರ ಲೆಕ್ಕಕ್ಕೆ ತಿರುಗಿಸಿದರೆ 28121969, ಅಂದರೆ 28 ಡಿಸೆಂಬರ್ 1969, ಲಿನಕ್ಸ್ ಹುಟ್ಟಿಸಿದ ಲಿನಸ್ ಟೋರ್ವಾಲ್ಡ್ಸ್ ಹುಟ್ಟಿದ ದಿನ. ಅದರ ಬದಲಿಗೆ ಒಪ್ಪುವ ಇನ್ನೂ ಮೂರು ಸಂಖ್ಯೆಗಳಲ್ಲಿ ಅವರ ಮೂವರು ಹೆಣ್ಣುಮಕ್ಕಳ ಹುಟ್ಟಿದ ದಿನಗಳಿವೆ. ಕೋಟ್ಯಂತರ ಯಂತ್ರಗಳ ಕರ್ನಲ್ಲಿನೊಳಗೆ ಒಂದು ಮನೆಯ ಹುಟ್ಟುಹಬ್ಬಗಳು ಹೀಗೆ ಕೂತಿವೆ ಎಂಬುದು ನನಗೆ ಬಹಳ ಪ್ರಿಯವಾದ ವಿಷಯ.

ಪಟ್ಟಿ ಬೇರೆಯಾದದ್ದಕ್ಕೆ ಕಾರಣ ಇತಿಹಾಸ. ಇಂಟೆಲ್ ಪಟ್ಟಿಗಳು ಬೇಕಾದಾಗ ಒಂದೊಂದು ಕರೆ ಸೇರಿಸುತ್ತ ಬೆಳೆದವು, ಹಳೆಯದನ್ನು ಕಿತ್ತುಹಾಕುವ ಹಾಗಿರಲಿಲ್ಲ. 64 ಬಿಟ್‌ನ ಆರ್ಮ್ ವಿನ್ಯಾಸ ಪ್ರಕಟವಾದದ್ದು 2011ರಲ್ಲಿ, ಲಿನಕ್ಸ್ ಅದಕ್ಕೆ ಬಂದದ್ದು 2012ರ ಡಿಸೆಂಬರಿನ 3.7ನೇ ಆವೃತ್ತಿಯಲ್ಲಿ. ಹೊಸ ನೆಲವಾದ್ದರಿಂದ ಎಲ್ಲರಿಗೂ ಸಲ್ಲುವಂತೆ ಚೊಕ್ಕಟಗೊಳಿಸಿದ ಪಟ್ಟಿಯನ್ನೇ ಇಟ್ಟುಕೊಂಡರು. ಹಾಗಾಗಿ ಆರ್ಮ್64ರಲ್ಲಿ 'ಓಪನ್' ಎಂಬ ಹಳೆಯ ಕರೆಯೇ ಇಲ್ಲ, 'ಓಪನ್‌ಆ್ಯಟ್' ಮಾತ್ರ, ಅದು 56. 'ಫೋರ್ಕ್' ಇಲ್ಲ, 'ಕ್ಲೋನ್' ಇದೆ, 220. ಆಮೇಲೆ ಬಂದ ರಿಸ್ಕ್-ವಿ ಎಂಬ ಪ್ರೊಸೆಸರ್ ವಿನ್ಯಾಸ ಕೂಡ ಇದೇ ಪಟ್ಟಿ ಹಿಡಿಯಿತು. ಆಂಡ್ರಾಯ್ಡ್ 8 ಬಂದ 2017ರಲ್ಲಿ ಗೂಗಲ್ ಲೆಕ್ಕ ಕೊಟ್ಟಿತ್ತು: 32 ಬಿಟ್‌ನ ಆರ್ಮ್‌ನಲ್ಲಿ 364 ಕರೆ, ಆರ್ಮ್64ರಲ್ಲಿ 271. ಆ್ಯಪ್‌ಗಳಿಗೆ ಬೇಡವೆಂದು ಆಂಡ್ರಾಯ್ಡ್ ತಡೆದದ್ದು ಮೊದಲನೆಯದರಲ್ಲಿ 70, ಎರಡನೆಯದರಲ್ಲಿ 17. ಗುಡಿಸಿದ ಮನೆಗೂ ಗುಡಿಸದ ಮನೆಗೂ ಇರುವಷ್ಟು ಅಂತರ.

2019ರಿಂದೀಚೆಗೆ, ಲಿನಕ್ಸ್ 5.1ರಿಂದ, ಹೊಸ ಕರೆಗಳಿಗೆ ಬಹುತೇಕ ಎಲ್ಲ ಪ್ರೊಸೆಸರುಗಳಲ್ಲೂ ಒಂದೇ ಸಂಖ್ಯೆ. ಈ ಒಪ್ಪಂದ ಶುರುವಾಗುವುದು 424ರಿಂದ. ಆರ್ಮ್64ರ ಪಟ್ಟಿಯಾದರೋ 294ಕ್ಕೇ ನಿಂತಿತ್ತು. ಅದಕ್ಕೇ ಇವತ್ತಿಗೂ ಅಲ್ಲಿ 295ರಿಂದ 423ರವರೆಗೆ 129 ಸಂಖ್ಯೆಗಳ ಬಯಲು. ಎಕ್ಸ್8 ರಿಜಿಸ್ಟರಿನಲ್ಲಿ ಇಡಬಹುದಾದ ಸಂಖ್ಯೆಗಳು ಆಗಲೇ ಹೇಳಿದ ಲಕ್ಷ ಕೋಟಿ ಕೋಟಿಗಳಷ್ಟು. 2024ರಲ್ಲಿ ಬಂದ 6.10ನೇ ಕರ್ನಲ್ ತಂದ ಹೊಸ ಕರೆಯ ಸಂಖ್ಯೆ 462. ಬಯಲು ಬಿಟ್ಟರೆ ಬಳಕೆಯಲ್ಲಿರುವುದು ಮುನ್ನೂರಕ್ಕೆ ತುಸು ಹೆಚ್ಚು. ಫೋನಿನಿಂದ ಫುಗಾಕುವರೆಗೆ ಲಿನಕ್ಸ್ ಮಾಡುವ ಕೆಲಸವೆಲ್ಲ ಆ ಮುನ್ನೂರು ಚಿಲ್ಲರೆ ಮಾತುಗಳಲ್ಲೇ ನಡೆಯುತ್ತಿದೆ.

ಹಾಗಾದರೆ ಕರೆಗಳನ್ನು ಹಿಂಬಾಲಿಸುವ ಎಸ್‌ಟ್ರೇಸ್‌ಗೆ ಯಾವ ಪಟ್ಟಿ ಬಿಚ್ಚಬೇಕೆಂದು ಗೊತ್ತಾಗುವುದು ಹೇಗೆ? ಆರ್ಮ್64ಕ್ಕೆಂದು ಸಿದ್ಧವಾದ ಪ್ರತಿ ಪ್ರೋಗ್ರಾಮಿನ ತಲೆಬರಹದಲ್ಲೂ 183 ಎಂಬ ಸಂಖ್ಯೆ ಇರುತ್ತದೆ. ಇಂಟೆಲ್64ರದು 62, ರಿಸ್ಕ್-ವಿಯದು 243. ಕರ್ನಲ್ ಕೂಡ ಕರೆ ಯಾವ ಜಾತಿಯದೆಂದು ಹೇಳುವಾಗ ಇದೇ 183ನ್ನು ತನ್ನ ಗುರುತಿನೊಳಗೆ ಹುದುಗಿಸಿ ಕೊಡುತ್ತದೆ. 32 ಬಿಟ್‌ನ ಹಳೆಯ ಆರ್ಮ್ ಪ್ರೋಗ್ರಾಮುಗಳನ್ನೂ ಓಡಿಸಬಲ್ಲ ಆರ್ಮ್64 ಯಂತ್ರಗಳಿವೆ, ಅಲ್ಲಿ ಒಂದೇ ಕರ್ನಲ್ಲಿನ ಮುಂದೆ ಎರಡು ಪಟ್ಟಿಗಳು. ಕರೆಗಳಿಗೆ ಕಾವಲು ಹಾಕುವವರು ಈ ಜಾತಿಯನ್ನು ನೋಡದೆ ಬರೀ ಸಂಖ್ಯೆಯನ್ನು ನೋಡಿದರೆ, ತಡೆದೆನೆಂದುಕೊಂಡ ಕರೆ ಇನ್ನೊಂದು ಸಂಖ್ಯೆಯಲ್ಲಿ ಒಳಗೆ ನುಸುಳುತ್ತದೆ.

ಎಸ್‌ಟ್ರೇಸ್ ನಿಂತಿರುವುದು 'ಪಿಟ್ರೇಸ್' ಎಂಬ ಕರೆಯ ಮೇಲೆ. ಅದಕ್ಕೂ ಒಂದು ಸಂಖ್ಯೆಯಿದೆ, ಆರ್ಮ್64ರಲ್ಲಿ 117. ಹಿಂಬಾಲಿಸುತ್ತಿರುವ ಪ್ರೋಗ್ರಾಂ ಪ್ರತಿ ಕರೆಗೂ ಎರಡು ಸಲ ನಿಲ್ಲುತ್ತದೆ, ಕರ್ನಲ್ಲಿನ ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ. ನಿಂತಾಗಲೆಲ್ಲ ಎಸ್‌ಟ್ರೇಸ್ ಎಚ್ಚರವಾಗಿ ರಿಜಿಸ್ಟರುಗಳನ್ನು ನೋಡುತ್ತದೆ. ಆರ್ಮ್64ರಲ್ಲಿ ಪೂರ್ತಿ ಕಟ್ಟು 34 ಮೌಲ್ಯಗಳದು: 31 ರಿಜಿಸ್ಟರು, ಸ್ಟ್ಯಾಕ್ ಎಲ್ಲಿದೆ, ಪ್ರೋಗ್ರಾಂ ಎಲ್ಲಿ ನಿಂತಿದೆ, ಅದರ ಸ್ಥಿತಿ ಏನು. ಒಟ್ಟು 272 ಬೈಟು. ನಮಸ್ಕಾರದ 22 ಬೈಟು ಹೊರಗೆ ಕಾಲಿಡುವ ಮೊದಲೇ ಅದರ ಹನ್ನೆರಡು ಪಟ್ಟು ಮಾಹಿತಿ!

ಇಲ್ಲಿ ಆರ್ಮ್64ರದೇ ಒಂದು ಸೂಕ್ಷ್ಮವಿದೆ. ಮೊದಲ ಮಾಹಿತಿ ಒಳಹೋಗುವುದೂ ಎಕ್ಸ್0ರಲ್ಲಿ, ಉತ್ತರ ಹೊರಬರುವುದೂ ಎಕ್ಸ್0ರಲ್ಲಿ. 'ರೈಟ್' ಮುಗಿದು ಹೊರಬಂದಾಗ 'ಪರದೆ' ಎಂಬ 1 ಅಳಿಸಿಹೋಗಿ, ಅದರ ಜಾಗದಲ್ಲಿ 'ಇಷ್ಟು ಬೈಟು ಬರೆದೆ' ಎಂಬ 22 ಕೂತಿರುತ್ತದೆ. ಒಳಹೋಗುವಾಗಲೇ ಮೊದಲ ಮಾಹಿತಿಯನ್ನು ಬರೆದಿಟ್ಟುಕೊಳ್ಳದ ಸಲಕರಣೆಗೆ ಹೊರಬರುವಾಗ ಅದು ಸಿಗುವುದೇ ಇಲ್ಲ. ನಿಂತದ್ದು ಒಳಹೋಗುವಾಗಲೋ ಹೊರಬರುವಾಗಲೋ ಎಂಬ ಗೊಂದಲಕ್ಕೆ ಮಾತ್ರ ಆರ್ಮ್64 ಕರ್ನಲ್ ಚೆಂದದ ಉಪಾಯ ಮಾಡಿದೆ. ಆ ಕ್ಷಣದ ಮಟ್ಟಿಗೆ ಎಕ್ಸ್7ರಲ್ಲಿದ್ದುದನ್ನು ಎತ್ತಿಟ್ಟು, ಒಳಗೆ ಹೋಗುವಾಗ 0, ಹೊರಗೆ ಬರುವಾಗ 1 ಇಟ್ಟು ತೋರಿಸಿ, ಪ್ರೋಗ್ರಾಂ ಮತ್ತೆ ಓಡುವ ಮೊದಲು ಹಳೆಯ ಮೌಲ್ಯವನ್ನೇ ವಾಪಸು ಇಡುತ್ತದೆ. ಪ್ರೋಗ್ರಾಮಿಗೆ ಸುಳಿವೂ ಸಿಗುವುದಿಲ್ಲ. 2019ರ ಲಿನಕ್ಸ್ 5.3ರಿಂದ ಎಲ್ಲ ಪ್ರೊಸೆಸರುಗಳಿಗೂ ಒಂದೇ ರೀತಿಯಲ್ಲಿ ಇದನ್ನೆಲ್ಲ ಕೇಳಿ ಪಡೆಯುವ ದಾರಿ ಬಂದಿದೆ.

ಹಿಂಬಾಲಿಸುವ ಈ ಕೆಲಸಕ್ಕೂ ಕರೆಗಳೇ ಬೇಕು. ಒಂದು ಕರೆಯನ್ನು ತೋರಿಸಲು ಎಸ್‌ಟ್ರೇಸ್ ತಾನೇ ಏಳೆಂಟು ಕರೆ ಮಾಡುತ್ತದೆ: ಕಾಯುವುದು, ರಿಜಿಸ್ಟರು ನೋಡುವುದು, ಆ ಪ್ರೋಗ್ರಾಮಿನ ಮೆಮೊರಿಯಿಂದ ಪಠ್ಯ ಓದುವುದು, ಬರೆಯುವುದು, ಮುಂದೆ ಬಿಡುವುದು, ಹೊರಬಂದಾಗ ಮತ್ತೆ ಅದೇ. ಹಿಂದೆ ಇದು ಇನ್ನೂ ದುಬಾರಿಯಾಗಿತ್ತು. 64 ಬಿಟ್ ಯಂತ್ರಗಳಲ್ಲಿ ಇನ್ನೊಂದು ಪ್ರೋಗ್ರಾಮಿನ ಮೆಮೊರಿಯನ್ನು ಪಿಟ್ರೇಸ್ ಒಂದು ಸಲಕ್ಕೆ ಎಂಟು ಬೈಟಿನಂತೆ ಓದಿಕೊಡುತ್ತಿತ್ತು, 4096 ಬೈಟಿಗೆ 512 ಕರೆ. ಲಿನಕ್ಸ್ 3.2 ಅದನ್ನು ಒಂದೇ ಕರೆಗೆ ಇಳಿಸಿತು.

ಇದರ ಬೆಲೆ ಎಷ್ಟೆಂದು 2014ರಲ್ಲಿ ಕಂಪ್ಯೂಟರ್ ವೇಗದ ತಜ್ಞ ಬ್ರೆಂಡನ್ ಗ್ರೆಗ್ ಅಳೆದು ತೋರಿಸಿದರು. ಬೇಕೆಂದೇ ಅತಿ ಕೆಟ್ಟ ಸನ್ನಿವೇಶ: ಒಂದು ಬೈಟು ಓದು, ಒಂದು ಬೈಟು ಬರೆ, ಹೀಗೆ 5,12,000 ಸಲ. ಒಟ್ಟು ಹತ್ತು ಲಕ್ಷಕ್ಕೂ ಮೇಲೆ ಕರೆಗಳು. ಸುಮ್ಮನೆ ಓಡಿದಾಗ ಹಿಡಿದದ್ದು 0.103851 ಸೆಕೆಂಡು. ಎಸ್‌ಟ್ರೇಸ್ ಅಡಿಯಲ್ಲಿ, ಆ ಕರೆಗಳಲ್ಲಿ ಒಂದನ್ನೂ ಪರದೆಗೆ ಬರೆಯದೆ, 45.9599 ಸೆಕೆಂಡು. 442 ಪಟ್ಟು ನಿಧಾನ! ಅಳೆದದ್ದು ಆರ್ಮ್ ಬೋರ್ಡಿನ ಮೇಲಲ್ಲ, ಆದರೆ ಎರಡು ಸಲ ನಿಲ್ಲಿಸುವ ಪದ್ಧತಿ ಎಲ್ಲ ಕಡೆಯೂ ಒಂದೇ. ಭಾಗಿಸಿ ನೋಡಿದರೆ ಒಂದು ಕರೆಗೆ ಸುಮಾರು 100 ನ್ಯಾನೋಸೆಕೆಂಡು, ಹಿಂಬಾಲಿಸಿದಾಗ 45 ಮೈಕ್ರೋಸೆಕೆಂಡು. ಈ ಎರಡೂ ನಮ್ಮ ಅನುಭವಕ್ಕೆ ಸಿಗದ ಕಾಲ. ರಾಸ್ಬೆರಿ ಪೈ 5ರ ಪ್ರೊಸೆಸರು ಸೆಕೆಂಡಿಗೆ 240 ಕೋಟಿ ಸಲ ಮಿಡಿಯುತ್ತದೆ. ಆ ಒಂದು ಮಿಡಿತವನ್ನು ಒಂದು ಸೆಕೆಂಡಿಗೆ ಹಿಗ್ಗಿಸಿಕೊಂಡರೆ 100 ನ್ಯಾನೋಸೆಕೆಂಡು ನಾಲ್ಕು ನಿಮಿಷವಾಗುತ್ತದೆ, 45 ಮೈಕ್ರೋಸೆಕೆಂಡು ಮೂವತ್ತು ಗಂಟೆ. ನಾಲ್ಕು ನಿಮಿಷದ ಕೆಲಸ, ನೋಡುವವರಿದ್ದಾರೆಂಬ ಒಂದೇ ಕಾರಣಕ್ಕೆ ಒಂದು ಹಗಲು, ಒಂದು ರಾತ್ರಿ, ಮೇಲೆ ಆರು ಗಂಟೆ ಹಿಡಿಯಿತು. ಅದೂ ಹತ್ತು ಲಕ್ಷ ಸಲ. ಈಗ 2019ರಿಂದ ಎಸ್‌ಟ್ರೇಸ್‌ನಲ್ಲಿ ಇನ್ನೊಂದು ಆಯ್ಕೆಯಿದೆ. ಕರ್ನಲ್ಲಿನೊಳಗೇ ಒಂದು ಜರಡಿ ಹಾಕಿ, ಬೇಕಾದ ಕರೆಗಳಿಗೆ ಮಾತ್ರ ಪ್ರೋಗ್ರಾಂ ನಿಲ್ಲುವಂತೆ ಮಾಡಬಹುದು, ಉಳಿದವು ತಮ್ಮ ವೇಗದಲ್ಲೇ ಸಾಗುತ್ತವೆ.

ಕೊನೆಗೆ, ಎಸ್‌ಟ್ರೇಸ್‌ಗೆ ಕಾಣದ ಲೋಕವೂ ಇದೆ. ಆರ್ಮ್64ರಲ್ಲಿ ಪ್ರೋಗ್ರಾಂ ಹತ್ತು ಲಕ್ಷ ಸಲ ಗಂಟೆ ಕೇಳಿದರೂ ಎಸ್‌ಟ್ರೇಸ್‌ನಲ್ಲಿ ಸಾಮಾನ್ಯವಾಗಿ ಒಂದು ಸಾಲೂ ಬರುವುದಿಲ್ಲ. ಕರ್ನಲ್ ಪ್ರತಿ ಪ್ರೋಗ್ರಾಮಿನ ಮೆಮೊರಿಯಲ್ಲಿ ವಿಡಿಎಸ್‌ಒ ಎಂಬ ಪುಟ್ಟ ಲೈಬ್ರರಿಯನ್ನು ಮೊದಲೇ ಇಟ್ಟಿರುತ್ತದೆ. ಅದು ಪ್ರೊಸೆಸರಿನ ಎಣಿಕೆಯಂತ್ರವನ್ನು ನೇರವಾಗಿ ಓದಿ ಗಂಟೆ ಹೇಳುತ್ತದೆ, ಎಸ್‌ವಿಸಿಯ ಗೊಡವೆಯೇ ಇಲ್ಲ. ಆ 169 ಪಟ್ಟಿಯಲ್ಲಿದ್ದೂ ಅಪರೂಪಕ್ಕೆ ಕಾಣುವುದು ಇದೇ ಕಾರಣಕ್ಕೆ. 2019ರಲ್ಲೇ ಬಂದ ಐಒ-ಯುರಿಂಗ್ ಇನ್ನೂ ಮುಂದೆ ಹೋಯಿತು. ಓದುವ, ಬರೆಯುವ ಬೇಡಿಕೆಗಳನ್ನು ಒಂದೊಂದಕ್ಕೆ 64 ಬೈಟಿನ ಚೀಟಿಯಲ್ಲಿ ಸರದಿಗೆ ಹಾಕಿ, ಎಲ್ಲವನ್ನೂ ಒಟ್ಟಿಗೆ ಒಪ್ಪಿಸುವ ವ್ಯವಸ್ಥೆ ಅದು. ಆ ಸರದಿಯಲ್ಲಿ 32,768 ಚೀಟಿಗಳವರೆಗೆ ಹಿಡಿಸುತ್ತವೆ. ಅಷ್ಟನ್ನೂ ತುಂಬಿ ಒಮ್ಮೆಗೇ ಒಪ್ಪಿಸಿದರೆ ಎಸ್‌ಟ್ರೇಸ್ ತೋರಿಸುವುದು ಒಂದೇ ಕರೆ, 426. ಕರ್ನಲ್ಲಿನದೇ ಒಂದು ಥ್ರೆಡ್ ಸರದಿಯನ್ನು ಕಾಯುತ್ತಿರುವಂತೆ ಹೊಂದಿಸಿದರೆ, ಆ ಥ್ರೆಡ್ ಎಚ್ಚರವಿರುವಷ್ಟು ಹೊತ್ತು ಅದೂ ಬೇಕಿಲ್ಲ. ಪ್ರೋಗ್ರಾಂ ಲಕ್ಷಗಟ್ಟಲೆ ಸಲ ಡಿಸ್ಕಿನಿಂದ ಓದುತ್ತಿರುತ್ತದೆ, ಎಸ್‌ಟ್ರೇಸ್ ಲೆಕ್ಕದಲ್ಲಿ ಅದು ಸೊನ್ನೆ.